ರನ್ನ ಎತ್ತಿಕೊಂಡ ಕೌರವ, ರನ್ನ ಬಿಟ್ಟುಹೋದ ಥಾಣೆಯ ಅರಸ

ಕಳೆದ ಮಳೆಗಾಲದ ಒಂದು ಸಂಜೆ ಕಲ್ಯಾಣ್ ಸ್ಲೋ ಲೋಕಲ್ ಮುಂಬ್ರಾ ದಾಟಿ ನಿಂತುಬಿಟ್ಟಿತ್ತು. ಹೊರಗೆ ಖಾಡಿಯ ನೀರು, ಒಳಗೆ ಬೆವರು. ಪಕ್ಕದಲ್ಲಿ ಕೂತ ಅಕ್ಕನ ಮಗ ಮಾತ್ರ ತನ್ನ ದಪ್ಪ ಇಂಗ್ಲಿಷ್ ಕಾದಂಬರಿಯಲ್ಲಿ ಮುಳುಗಿದ್ದ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಅಜ್ಜಿ ಬಂದಾಗ ಕನ್ನಡ. ಯಾವ ಪುಸ್ತಕ ಎಂದು ಕೇಳಿದೆ. 'ಸ್ಟಾರ್ ವಾರ್ಸ್' ಸಿನಿಮಾಗಳ ಲೋಕದ ಮೇಲೆ ಬರೆದ ಕಾದಂಬರಿ, ಹೆಸರು 'ಥ್ರಾನ್' ಎಂದ. ಥ್ರಾನ್ ಎಂದರೆ ದುಷ್ಟ ಸಾಮ್ರಾಜ್ಯದ ಮಹಾ ದಂಡನಾಯಕ. ಮೊದಲು ಖಳನಾಗಿಯೇ ಬಂದವನು, ಈ ಪುಸ್ತಕದಲ್ಲಿ ಅವನೇ ಕಥಾನಾಯಕನಂತೆ. ಕೊನೆಗೆ ಅವನು ಕೇಳಿದ ಪ್ರಶ್ನೆ ಇದು: "ಮಾಮಾ, ವಿಲನ್ನನ್ನು ಹೀಗೆ ಒಳ್ಳೆಯವನನ್ನಾಗಿ ಮಾಡುವುದು ಮೋಸ ಅಲ್ಲವಾ?"

ರೈಲು ಹೊರಟಿತು, ಉತ್ತರ ಹೊರಡಲಿಲ್ಲ. ಮನೆಗೆ ಬಂದ ಮೇಲೆ ಕಪಾಟಿನಿಂದ ರನ್ನನ 'ಗದಾಯುದ್ಧ' ತೆಗೆದೆ. ನಮ್ಮಲ್ಲಿ ಈ ಕೆಲಸ ಸಾವಿರ ವರ್ಷದ ಹಿಂದೆಯೇ ಆಗಿದೆ ಎಂದು ಹುಡುಗನಿಗೆ ತೋರಿಸಿ ಸ್ವಲ್ಪ ಜಂಬ ಪಡಬೇಕೆಂದಿದ್ದೆ. ಆದರೆ ಓದುತ್ತಾ ಹೋದಂತೆ ಆ ಕಾವ್ಯದೊಳಗೆ ನಮ್ಮ ಈ ಥಾಣೆಯ ಸೀಮೆಯೇ ಸಿಕ್ಕಿತು. ಅದೂ ಜಂಬ ಪಡುವ ರೀತಿಯಲ್ಲಲ್ಲ. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಬೇರೆಯವರ ಲೋಕ, ಬೇರೆಯವರ ಅಪ್ಪಣೆ

ಮೊದಲು ಆ ಹುಡುಗನ ಪುಸ್ತಕದ ಬಗ್ಗೆ ಎರಡು ಮಾತು. ಸಿನಿಮಾದ ಲೋಕವನ್ನು ಕಡ ತೆಗೆದುಕೊಂಡು, ಅದರ ಮಾಲೀಕರ ಒಪ್ಪಿಗೆ ಪಡೆದು ಬರೆಯುವ ಕಾದಂಬರಿಗಳದ್ದೇ ಒಂದು ದೊಡ್ಡ ವ್ಯಾಪಾರವಿದೆ. 'ಸ್ಟಾರ್ ವಾರ್ಸ್' ಸಿನಿಮಾ ತೆರೆಗೆ ಬಂದದ್ದು 1977ರಲ್ಲಿ. ಅದರ ಕಾದಂಬರಿ 1976ರಲ್ಲೇ ಬಂತು. ಮುಖಪುಟದ ಮೇಲೆ ನಿರ್ದೇಶಕ ಜಾರ್ಜ್ ಲೂಕಸ್ ಹೆಸರು, ಬರೆದವನು ಆಲನ್ ಡೀನ್ ಫಾಸ್ಟರ್. ಥ್ರಾನ್ ಪಾತ್ರವನ್ನು ಟಿಮೊತಿ ಜಾನ್ ಎಂಬ ಲೇಖಕ ಸೃಷ್ಟಿಸಿದ್ದು 1991ರ 'ಏರ್ ಟು ದ ಎಂಪೈರ್' ಕಾದಂಬರಿಯಲ್ಲಿ. ಆ ಸರಣಿಯ ಮೂರನೆಯ ಪುಸ್ತಕದಲ್ಲಿ ಥ್ರಾನ್ ಸಾಯುತ್ತಾನೆ. 2014ರಲ್ಲಿ ಮಾಲೀಕರು ಹಳೆಯ ಕಾದಂಬರಿಗಳೆಲ್ಲ ಬರೀ ದಂತಕಥೆ, ಅಧಿಕೃತ ಕಥೆಯಲ್ಲ ಎಂದು ಘೋಷಿಸಿದರು. ಆದರೂ ಓದುಗರು ಥ್ರಾನ್‌ನನ್ನು ಬಿಡಲಿಲ್ಲ. ಕೊನೆಗೆ ಅವನನ್ನು ಮತ್ತೆ ಕರೆತರಬೇಕಾಯಿತು, 2017ರಲ್ಲಿ ಅದೇ ಲೇಖಕ ಅವನ ಏರುದಾರಿಯ ಕಥೆಯನ್ನು ಅವನದೇ ಹೆಸರಿನಲ್ಲಿ ಬರೆದ.

ಇಂಥ ಲೇಖಕನ ಕೈ ಕಟ್ಟಿರುತ್ತದೆ. ಕಥೆಯ ಕೊನೆಯನ್ನು ಅವನು ಬದಲಾಯಿಸುವಂತಿಲ್ಲ. ಸೋಲುವವನು ಸೋಲಲೇಬೇಕು. ಬದಲಾಯಿಸಬಹುದಾದದ್ದು ಒಂದೇ, ಸೋಲುವವನನ್ನು ನಾವು ನೋಡುವ ಕಣ್ಣು.

ನಮ್ಮ ಹಳಗನ್ನಡ ಕವಿಗಳ ಸ್ಥಿತಿ ಇದಕ್ಕಿಂತ ಬೇರೆಯಾಗಿತ್ತೇ? ಲೋಕ ವ್ಯಾಸರದ್ದು. ಅಪ್ಪಣೆ ಅರಸನದ್ದು. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ತನ್ನ ಅರಸ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿದ. ಆದರೆ ಅವನ ಹೃದಯ ಕರ್ಣನ ಕಡೆ ವಾಲಿತು. ದುರ್ಯೋಧನನಿಗೂ ಅವನು ಸಲ್ಲಬೇಕಾದ್ದನ್ನು ಸಲ್ಲಿಸಿದ. ಕಾವ್ಯದ ಕೊನೆಯಲ್ಲಿ ಭಾರತದ ಒಬ್ಬೊಬ್ಬ ವೀರನಿಗೂ ಒಂದೊಂದು ಗುಣದ ಹಿರಿಮೆ ಕೊಡುವಾಗ ಛಲದ ಹಿರಿಮೆ ಅವನಿಗೆ.

ರನ್ನ ಅದೇ ಜಾಡಿನಲ್ಲಿ ಬಂದವನು. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ. ಮುಂದೆ ಚಾಲುಕ್ಯ ತೈಲಪನಿಂದ 'ಕವಿಚಕ್ರವರ್ತಿ' ಎನಿಸಿಕೊಂಡ. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಒಂದು ಮಾಡಿ ಅವನು ಬರೆದ ಕಾವ್ಯ 'ಸಾಹಸಭೀಮವಿಜಯ', ನಮ್ಮೆಲ್ಲರ ಬಾಯಲ್ಲಿ 'ಗದಾಯುದ್ಧ'. ಚಿಕ್ಕಂದಿನಲ್ಲಿ ಪಠ್ಯಪುಸ್ತಕದಲ್ಲಿ 'ಕಲ್ಯಾಣದ ಚಾಲುಕ್ಯರು' ಎಂದು ಓದಿ, ಅವರೆಲ್ಲ ನಮ್ಮ ಕಲ್ಯಾಣ್ ಜಂಕ್ಷನ್ನಿನವರು ಎಂದೇ ನಂಬಿದ್ದೆ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದು ಮೇಷ್ಟ್ರು ತಿದ್ದಿದಾಗ ಬೇಸರವಾಗಿತ್ತು. ರನ್ನನ ಕಾಲದಲ್ಲಿ ಅದೂ ಇನ್ನೂ ರಾಜಧಾನಿಯಾಗಿರಲಿಲ್ಲ, ಆಗಿನ್ನೂ ಮಾನ್ಯಖೇಟ. ಇರಲಿ, ಇಲ್ಲಿನ ಕಲ್ಯಾಣ್‌ಗೂ ಆ ಚಾಲುಕ್ಯರಿಗೂ ನಂಟು ಇದ್ದೇ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಹೆಣಗಳ ನಡುವೆ ಒಂದು ನಡಿಗೆ

'ಗದಾಯುದ್ಧ'ದ ಹೆಸರಿನಲ್ಲಿ ವಿಜಯ ಭೀಮನದ್ದು, ಆದರೆ ಕಾವ್ಯದ ಬಹುಭಾಗದಲ್ಲಿ ನಾವು ದುರ್ಯೋಧನನ ಜೊತೆ ನಡೆಯುತ್ತೇವೆ. ಯುದ್ಧದ ಕೊನೆಯ ದಿನ. ಹನ್ನೊಂದು ಅಕ್ಷೋಹಿಣಿ ಕರಗಿಹೋಗಿದೆ. ಶರಶಯ್ಯೆಯಲ್ಲಿ ಮಲಗಿರುವ ಭೀಷ್ಮನನ್ನು ಕಾಣಲು ಅವನು ಸಂಜಯನೊಬ್ಬನನ್ನೇ ಕರೆದುಕೊಂಡು ರಣರಂಗದ ನಡುವೆ ಹೊರಡುತ್ತಾನೆ. ಕಾಲಿಡಲು ಜಾಗವಿಲ್ಲದಷ್ಟು ಹೆಣ. ಹೆಣ ತಿನ್ನಲು ಬಂದ ಮರುಳುಗಳೂ ಅವನನ್ನು ಗೇಲಿ ಮಾಡುತ್ತವೆ. ಸಾಮ್ರಾಟನಾಗಿದ್ದವನಿಗೆ ಕೇಳಿಸುವ ಕೊನೆಯ ಹೊಗಳುಭಟರು ಅವರೇ.

ದಾರಿಯಲ್ಲಿ ಒಂದೊಂದೇ ಮುಖ ಸಿಗುತ್ತದೆ. ದ್ರೋಣ. ಆಮೇಲೆ ಅಭಿಮನ್ಯು, ಶತ್ರುವಿನ ಮಗ, ತನ್ನವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಹೆಣದ ಮುಂದೆ ನಿಂತು ದುರ್ಯೋಧನ ಕೈ ಮುಗಿಯುತ್ತಾನೆ, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣ. ಮಗ ಅಪ್ಪನಿಗೆ ತರ್ಪಣ ಬಿಡುವುದು ಲೋಕದ ಕ್ರಮ, ಈಗ ಅಪ್ಪ ಮಗನಿಗೆ ಬಿಡಬೇಕಾಗಿದೆ ಎಂದು ಅಳುತ್ತಾನೆ. ಮುಂದೆ ದುಶ್ಶಾಸನ. ತಾಯಿಯ ಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆಯೇ ಇದ್ದವನು ಸಾವಿನಲ್ಲಿ ಮಾತ್ರ ಯಾಕೆ ಸರದಿ ತಪ್ಪಿಸಿದೆ ಎಂದು ಕೇಳುತ್ತಾನೆ. ಊರಿನಿಂದ ತಮ್ಮನ ಸಾವಿನ ಫೋನ್ ಬಂದು, ರಾತ್ರಿ ಬಸ್ಸಿಗೆ ಟಿಕೆಟ್ ಸಿಗದೆ ಬೆಳಗಿನ ತನಕ ಕಿಟಕಿಯ ಬಳಿ ಕೂತವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅವರಿಗೆ ಈ ಪದ್ಯಕ್ಕೆ ಟೀಕೆ ಬೇಕಾಗುವುದಿಲ್ಲ.

ಆಮೇಲೆ ಕರ್ಣ. ಇಲ್ಲಿ ರನ್ನ ಮಾಡುವುದು ಬಹಳ ದೊಡ್ಡ ಕೆಲಸ. ನೀನು ಯಾರ ಮಗ ಎಂಬುದು ನನಗೆ ಗೊತ್ತಿತ್ತು ಎಂದು ದುರ್ಯೋಧನ ಹೆಣದ ಮುಂದೆ ಒಪ್ಪಿಕೊಳ್ಳುತ್ತಾನೆ. ಕುಂತಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸಹದೇವನಿಗೆ ಗೊತ್ತು, ನನಗೂ ಗೊತ್ತಿತ್ತು ಎನ್ನುತ್ತಾನೆ. ಎಂದರೆ ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಮೇಲೆ ಬಿಟ್ಟಿದ್ದಾನೆ. ಅಷ್ಟು ಪ್ರೀತಿ, ಅದರೊಳಗೇ ಅಷ್ಟು ಸ್ವಾರ್ಥ. ಖಳನನ್ನು ಸುಮ್ಮನೆ ತೊಳೆದು ಬಿಳಿ ಮಾಡುವ ಕವಿಯಾಗಿದ್ದರೆ ಈ ಒಪ್ಪಿಗೆಯನ್ನು ಅವನ ಬಾಯಲ್ಲಿ ಇಡುತ್ತಲೇ ಇರಲಿಲ್ಲ. ಪಾಂಡವರೊಡನೆ ಸಂಧಿ ಮಾಡಿಕೋ ಎಂದಾಗಲೂ ಅವನ ಉತ್ತರದಲ್ಲಿ ಕರ್ಣನೇ ಇದ್ದಾನೆ. ನಾನು ಹೋರಾಡುತ್ತಿರುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ನೆಲ ನನಗೆ ಹಾಳುನೆಲ ಎಂಬುದು ಅದರ ಸಾರಾಂಶ.

ಹಾಗೆಂದು ರನ್ನ ದ್ರೌಪದಿಯ ಲೆಕ್ಕವನ್ನು ಮರೆತವನಲ್ಲ. ಕಾವ್ಯದ ಆರಂಭದಲ್ಲೇ ಅವಳು ಭೀಮನ ಮುಂದೆ ನಿಂತು ತನ್ನ ಬಿಚ್ಚಿದ ಮುಡಿಯ ಮಾತಾಡುತ್ತಾಳೆ. ಅವಳ ಕೋಪ ನ್ಯಾಯವಾದದ್ದು, ಅದು ತೀರಲೇಬೇಕು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿರುವಾಗ ಭೀಮನ ಮೂದಲಿಕೆ ಕೇಳಿ ಆ ತಣ್ಣೀರಿನಲ್ಲೂ ಅವನ ಮೈ ಬೆವರುತ್ತದೆ, ಎದ್ದು ಬರುತ್ತಾನೆ, ತೊಡೆ ಮುರಿಸಿಕೊಂಡು ಬೀಳುತ್ತಾನೆ. ರನ್ನ ಅವನನ್ನು ಬದುಕಿಸುವುದಿಲ್ಲ. ಅವನು ಸಾಯುವುದು ಸರಿ ಎಂದೂ, ಅವನಿಗಾಗಿ ಅಳುವುದೂ ಸರಿ ಎಂದೂ ಒಂದೇ ಕಾವ್ಯದಲ್ಲಿ ನಮ್ಮನ್ನು ಒಪ್ಪಿಸುತ್ತಾನೆ.

ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ.ಶ್ರೀ. ಈ ಕಣ್ಣೀರಿಗೆ ಗ್ರೀಕ್ ದುರಂತನಾಟಕದ ಹೆಸರು ಕೊಟ್ಟರು. ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕ' ಮಾಡಿದರು. ಭೀಮನ ವಿಜಯದ ಕಾವ್ಯ ಹೀಗೆ ದುರ್ಯೋಧನನ ದುರಂತವಾಯಿತು. ಕರಾವಳಿಯಿಂದ ಬಂದ ನಮ್ಮಂಥವರಿಗೆ ಅದಕ್ಕೂ ಮೊದಲೇ ತಾಳಮದ್ದಳೆ ಇತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಎದುರುಬದುರು ಕೂತ ಅರ್ಥಧಾರಿಗಳ ವಾದ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ, ರಾವಣನಾಗಿ ಕೂತರೆ ಎದುರಿನ ರಾಮನೇ ತಡವರಿಸಬೇಕಿತ್ತು ಎನ್ನುವವರು ಇಂದಿಗೂ ಇದ್ದಾರೆ. ಡೊಂಬಿವಲಿಯ ಒಂದು ಸಭಾಗೃಹದಲ್ಲಿ ಶನಿವಾರ ರಾತ್ರಿ 'ಗದಾಯುದ್ಧ' ಪ್ರಸಂಗ ನಡೆದಾಗ, ಇಡೀ ದಿನ ಹೋಟೆಲಿನ ಗಲ್ಲೆಯಲ್ಲಿ ಕೂತು ದಣಿದು ಬಂದ ನನ್ನ ಚಿಕ್ಕಪ್ಪ ಕೌರವನ ಮಾತಿಗೆ ಮೂಗೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಮನೆಗೆ ಹೋಗುವಾಗ ಮಾತ್ರ, "ಅಂವ ಸಾಯ್ಬೇಕಾದವನೇ" ಎಂದಿದ್ದರು.

ಎರಡು ಬೆಂಕಿಗಳ ನಡುವಿನ ಹುಳು

ಇಲ್ಲಿಯ ತನಕ ಹುಡುಗನಿಗೆ ಹೇಳಲು ನನ್ನ ಬಳಿ ಒಳ್ಳೆಯ ಉತ್ತರವಿತ್ತು. ಆದರೆ ರನ್ನ ತನ್ನ ಪೋಷಕ ಸತ್ಯಾಶ್ರಯನ ಪರಾಕ್ರಮವನ್ನು ಹೊಗಳುವಲ್ಲಿ ಕೊಂಕಣದ ದಂಡಯಾತ್ರೆಯ ಮಾತು ಬರುತ್ತದೆ. ಅಲ್ಲಿ ಕೊಂಕಣದ ಅರಸನೊಬ್ಬ ಸಿಕ್ಕಿಬಿದ್ದಿದ್ದಾನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಮುದ್ರದಂತೆ ನುಗ್ಗಿದ ಸತ್ಯಾಶ್ರಯನ ಸೇನೆ. ಎರಡೂ ತುದಿಗೆ ಬೆಂಕಿ ಹತ್ತಿದ ಕಡ್ಡಿಯ ನಡುವಿನ ಹುಳುವಿನಂತೆ ಆ ಅರಸ ನಡುಗಿದ ಎಂಬುದು ರನ್ನನ ಹೋಲಿಕೆ. ಅಂಶುನಗರವೆಂಬ ಊರು ಸುಟ್ಟಿತು, ಅರಸ ಇಪ್ಪತ್ತೊಂದು ಆನೆಗಳನ್ನು ಕಪ್ಪವಾಗಿ ಕೊಟ್ಟ.

ಆ ಹುಳುವಿನ ಹೆಸರು ಅಪರಾಜಿತ. ಉತ್ತರ ಕೊಂಕಣದ ಶಿಲಾಹಾರ ಅರಸ. ನಾವು ಇಂದು ಥಾಣೆ, ಕಲ್ಯಾಣ್, ಡೊಂಬಿವಲಿ, ಭಿವಂಡಿ ಎನ್ನುವ ಸೀಮೆಯೆಲ್ಲ ಅವನದ್ದು. ಥಾಣೆಯ ಆಗಿನ ಹೆಸರು ಸ್ಥಾನಕ. ಅಂಬರನಾಥದಲ್ಲಿ ರಜಾದಿನ ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಶಿವಾಲಯ ಇದೇ ಮನೆತನದ ಮಾಮ್ವಾಣಿಯ ಕಾಲದ್ದು, ಅಲ್ಲಿನ ಶಾಸನದ ವರ್ಷ 1060.

ಈ ಶಿಲಾಹಾರರು ನಮಗೆ ಹೊರಗಿನವರೂ ಅಲ್ಲ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಥಾಣೆಯ ಬೆನ್ನಿಗಿರುವ ಕಾಡುಗುಡ್ಡದ ಆಚೆ ಮಗ್ಗುಲಿನ ಕಾನ್ಹೇರಿ ಗುಹೆಗಳಿಗೆ ಹೋದವರು ಅಲ್ಲಿನ ಶಾಸನಗಳನ್ನು ಗಮನಿಸಿರಬಹುದು. 877ರ ಶಾಸನದಲ್ಲಿ ಶಿಲಾಹಾರ ಕಪರ್ದಿಯ ಮೇಲಿನ ಚಕ್ರವರ್ತಿಯಾಗಿ ಹೆಸರಿಸಿರುವುದು ಅಮೋಘವರ್ಷನನ್ನು, ಎಂದರೆ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ನೃಪತುಂಗನನ್ನು. ಶಿಲಾಹಾರರ ತಾಮ್ರಪಟಗಳ ಸಂಸ್ಕೃತದ ನಡುವೆ 'ನನ್ನಿಸಮುದ್ರ', 'ಮಲಗಲಗಂಡ' ಎಂಬ ಬಿರುದುಗಳು ತಲೆ ಎತ್ತುತ್ತವೆ. ನನ್ನಿ ಎಂದರೆ ಸತ್ಯ. ಪಂಪ, ರನ್ನರು ಬಳಸಿದ ಅದೇ ಮಾತು.

ಹಾಗಾದರೆ ಸತ್ಯಾಶ್ರಯ ಇವನ ಮೇಲೆ ಬಿದ್ದದ್ದೇಕೆ? 973ರಲ್ಲಿ ತೈಲಪ ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ಮಾನ್ಯಖೇಟ ಹಿಡಿದ. ಒಬ್ಬೊಬ್ಬರಾಗಿ ಹಳೆಯ ಸಾಮಂತರು ಹೊಸ ಒಡೆಯನಿಗೆ ತಲೆಬಾಗಿದರು. ಅಪರಾಜಿತ ಬಾಗಲಿಲ್ಲ. ಚಾಲುಕ್ಯರ ಲೆಕ್ಕದಲ್ಲಿ ಅವನು ಸೊಕ್ಕಿನ ಪಾಳೆಯಗಾರ, ಅಡಗಿಸಬೇಕಾದ ಖಳ. ರನ್ನನ ಪದ್ಯದಲ್ಲಿ ಉಳಿದದ್ದು ಆ ಲೆಕ್ಕವೇ.

ಭಾದಾಣೆಯ ತಾಮ್ರಪಟ

ಅಪರಾಜಿತನ ಮಾತು ಉಳಿದಿರುವುದು ತಾಮ್ರದ ಮೇಲೆ. 997ರಲ್ಲಿ, ಶಕ 919ರಲ್ಲಿ, ಅವನು ಭಾದಾಣೆ ಎಂಬ ಹಳ್ಳಿಯನ್ನು ಲೋಣಾದಿತ್ಯ ಎಂಬ ಸೂರ್ಯದೇವರ ಪೂಜೆಗೆ ಬಿಟ್ಟುಕೊಟ್ಟ. ಭಾದಾಣೆ ಇಂದಿನ ಭಿವಂಡಿ ತಾಲೂಕಿನಲ್ಲಿದೆ, ಲೋಣಾದಿತ್ಯನ ಊರು ಅದರ ಹತ್ತಿರದ ಲೋನಾಡ್. ದಾನಶಾಸನದಲ್ಲಿ ಸಾಮಾನ್ಯವಾಗಿ ಕೊಡುವವನ ವಂಶ, ಬಿರುದು, ಹಳ್ಳಿಯ ಎಲ್ಲೆ, ಕೊನೆಗೆ ಶಾಪ ಇರುತ್ತವೆ. ಒಡೆಯರ ವಂಶವನ್ನು ಹೇಳುವುದೂ ಉಂಟು, ಒಡೆಯ ಬದುಕಿದ್ದರೆ. ಅಪರಾಜಿತ ಮಾಡಿದ್ದು ವಿಚಿತ್ರ. ಅಳಿದುಹೋಗಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದ ರಾಷ್ಟ್ರಕೂಟರ ವಂಶಾವಳಿಯನ್ನು ಅರಸನ ಮೇಲೆ ಅರಸನಂತೆ ಕಡೆಯ ಕಕ್ಕಲನ ತನಕ ಬರೆಸಿದ. ತೈಲಪ ಅವರನ್ನು ಕೆಡವಿದ್ದನ್ನು ಹೇಳಿಸಿ, ಆ ರಾಜ್ಯ ಈಗ ಬರೀ ನೆನಪಾಗಿ ಉಳಿದಿದೆ ಎಂದು ಶೋಕಿಸಿದ.

ಅದರಿಂದ ಅವನಿಗೆ ಏನು ಲಾಭ? ಹೊಗಳಿಸಿಕೊಳ್ಳಲು ರಾಷ್ಟ್ರಕೂಟರು ಯಾರೂ ಉಳಿದಿರಲಿಲ್ಲ. ಗೆದ್ದವರು ಸಹ್ಯಾದ್ರಿಯ ಆಚೆ ಬದುಕಿದ್ದರು, ಅದೇ 997ರಲ್ಲಿ ಸತ್ಯಾಶ್ರಯ ಪಟ್ಟಕ್ಕೆ ಬಂದ. ಅಂಥ ಹೊತ್ತಿನಲ್ಲಿ ಸೋತ ಒಡೆಯರ ಹೆಸರನ್ನು ಲೋಹದ ಮೇಲೆ ಕೊರೆಸುವುದು ಹುಳುವಿನ ಕೆಲಸದಂತೆ ಕಾಣುವುದಿಲ್ಲ. ಅಪರಾಜಿತನನ್ನು ಸಂತನನ್ನಾಗಿ ಮಾಡಲು ನಾನು ಹೊರಟಿಲ್ಲ. ಒಡೆಯರಿಲ್ಲದ ಅವಕಾಶದಲ್ಲಿ ತಾನೂ ಸ್ವತಂತ್ರನಾದವನು ಅವನು, ದೊಡ್ಡ ದೊಡ್ಡ ಬಿರುದು ಹೊತ್ತವನು. ತಾಮ್ರಪಟವೂ ಒಂದು ಆಸ್ಥಾನದ ಮಾತೇ. ಆದರೆ ಅದರಲ್ಲಿನ ಶೋಕ ನಿಜವಾದದ್ದು ಎಂದೇ ನನಗೆ ಅನಿಸುತ್ತದೆ.

ಲೋನಾಡ್‌ಗೆ ಒಂದು ಭಾನುವಾರ ಹೋಗಿದ್ದೆ. ಕಲ್ಯಾಣ್‌ನ ದುರ್ಗಾಡಿ ಸೇತುವೆಯಿಂದ ಉಲ್ಲಾಸ ನದಿ ದಾಟಿದರೆ ಭಿವಂಡಿಯ ದಾರಿ. ಎರಡೂ ಬದಿಗೆ ಗೋದಾಮುಗಳು. ನಾವು ಮೊಬೈಲಿನಲ್ಲಿ ಒತ್ತಿ ತರಿಸುವ ಸಾಮಾನುಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ. ಅವುಗಳ ಹಿಂದೆ ಭತ್ತದ ಗದ್ದೆ, ಒಂದು ಹಳೆಯ ಗುಹೆ, ಶಿಲಾಹಾರರ ಕಾಲದ ಮುರಿದ ಶಿವಾಲಯ. ದಾರಿ ಹೇಳಿದ ಹುಡುಗನಿಗೆ ಅಪರಾಜಿತ ಗೊತ್ತಿರಲಿಲ್ಲ. ನನಗೂ ನಲವತ್ತು ವರ್ಷ ಗೊತ್ತಿರಲಿಲ್ಲ. ಇಮ್ಮಡಿ ಪುಲಿಕೇಶಿಯ ಬಗ್ಗೆ ಕೇಳಿದರೆ ರಾತ್ರಿಯಿಡೀ ಮಾತಾಡುವ ನಾವು, ನಮ್ಮ ಮನೆಯ ಬಾಡಿಗೆ ಕರಾರಿನಲ್ಲಿ ಬರೆದಿರುವ ತಾಲೂಕಿನ ಅರಸನನ್ನು ಕೇಳಿದವರೇ ಅಲ್ಲ.

ರನ್ನನಿಗೆ ಗೊತ್ತಿರಲಿಲ್ಲವೇ?

ಸೋತವರ ನೋವು ರನ್ನನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವನು ಬೆಳೆದದ್ದು ಗಂಗರ ಮಂತ್ರಿ ಚಾವುಂಡರಾಯನ ಆಶ್ರಯದಲ್ಲಿ. ಅವನ ಗುರು ಅಜಿತಸೇನಾಚಾರ್ಯರು. ಗಂಗರ ಅರಸ ಮಾರಸಿಂಹ ರಾಷ್ಟ್ರಕೂಟರ ಕಡೆಯ ಆಸರೆಯಾಗಿದ್ದವನು. ತೈಲಪ ಗೆದ್ದ ಮೇಲೂ ರಾಷ್ಟ್ರಕೂಟ ರಾಜಕುಮಾರ ಇಂದ್ರನಿಗೆ ಪಟ್ಟ ಕಟ್ಟಲು ನೋಡಿದ, ಆಗಲಿಲ್ಲ. 974ರ ಸುಮಾರಿಗೆ ಬಂಕಾಪುರದಲ್ಲಿ ಅದೇ ಅಜಿತಸೇನರ ಪಾದದ ಬಳಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ. ಆ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅನ್ನ ನೀರು ಬಿಟ್ಟು ತೀರಿಕೊಂಡ. ರನ್ನನ ಯೌವನದ ಸುತ್ತಲೂ ಇದ್ದದ್ದು ಈ ಸಾವುಗಳು.

ಆಮೇಲೆ ಅವನು ಗೆದ್ದವರ ಕಡೆಗೆ ಬಂದ. ತಪ್ಪೇನಿಲ್ಲ, ಕವಿಗೂ ಹೊಟ್ಟೆ ಇದೆ. ಅತ್ತಿಮಬ್ಬೆ ಅವನಿಂದ 993ರಲ್ಲಿ 'ಅಜಿತಪುರಾಣ' ಬರೆಸಿದಳು, ಆಕೆಯ ಗಂಡ ನಾಗದೇವ ಚಾಲುಕ್ಯರ ದಂಡನಾಯಕನಾಗಿದ್ದವನು. ರನ್ನ ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಒಂದು ಹೆಸರು ಸೋತವರ ಕಡೆಯ ಆಶ್ರಯದಾತನದ್ದು, ಇನ್ನೊಂದು ಗೆದ್ದವರ ಕಡೆಯ ಆಶ್ರಯದಾತೆಯದ್ದು. ಎರಡು ಊರಿನ ಋಣವನ್ನು ಹೊತ್ತು ಬದುಕುವ ನಮಗೆ ಈ ಹೆಸರಿಡುವ ರೀತಿ ಅರ್ಥವಾಗುತ್ತದೆ.

ಮುಂದಿನದ್ದು ನನ್ನ ಊಹೆ, ಊಹೆಯೆಂದೇ ತೆಗೆದುಕೊಳ್ಳಿ. ಕರ್ಕನಿಗಾಗಿ, ಮಾರಸಿಂಹನಿಗಾಗಿ, ಇಂದ್ರನಿಗಾಗಿ ತೈಲಪನ ಆಸ್ಥಾನದಲ್ಲಿ ಅಳುವಂತಿರಲಿಲ್ಲ. ದುರ್ಯೋಧನನಿಗಾಗಿ ಅಳಬಹುದಿತ್ತು. ಅವನು ಸತ್ತು ಒಂದು ಯುಗವೇ ಕಳೆದಿತ್ತು, ಅವನ ಕಡೆಯವರು ಯಾರೂ ಕಪ್ಪ ನಿಲ್ಲಿಸಿ ಕೂತಿರಲಿಲ್ಲ. ಹೆಣಗಳ ನಡುವೆ ನಡೆಯುವ ಆ ಸೋತ ಚಕ್ರವರ್ತಿಯ ಬಾಯಿಂದ ರನ್ನ ತಾನು ಹೇಳಲಾಗದ್ದನ್ನು ಹೇಳಿಸಿದನೇನೋ. ಆದರೆ ಅಪರಾಜಿತ ಬದುಕಿದ್ದ, ಎದುರಿಗಿದ್ದ. ಅವನಿಗೆ ಕಣ್ಣೀರು ಹಾಕಿದ್ದರೆ ಅದು ಕಾವ್ಯವಾಗುತ್ತಿರಲಿಲ್ಲ, ರಾಜದ್ರೋಹವಾಗುತ್ತಿತ್ತು. ಹಾಗಾಗಿ ಒಂದೇ ಕಾವ್ಯದಲ್ಲಿ ಕೌರವನಿಗೆ ಆಶ್ವಾಸ ಆಶ್ವಾಸಗಳ ಕರುಣೆ ಸಿಕ್ಕಿತು, ಥಾಣೆಯ ಅರಸನಿಗೆ ಹುಳುವಿನ ಹೋಲಿಕೆ.

ಬದುಕಿರುವ ಶತ್ರುವಿಗಾಗಿ ಅಳುವುದು ಸಾಧ್ಯವೇ ಇಲ್ಲವೆಂದಲ್ಲ. ಬಿ.ಎಂ.ಶ್ರೀ. ಅವರೇ ಮುಂದೆ 1935ರಲ್ಲಿ 'ಪಾರಸಿಕರು' ಎಂದು ಕನ್ನಡಿಸಿದ ಈಸ್ಕಿಲಸನ ನಾಟಕ ಅದಕ್ಕೆ ಸಾಕ್ಷಿ. ಪರ್ಷಿಯನ್ನರು ಅಥೆನ್ಸನ್ನು ಸುಟ್ಟು, ಸಲಾಮಿಸ್ ಕಡಲಕಾಳಗದಲ್ಲಿ ಸೋತದ್ದು ಕ್ರಿ.ಪೂ. 480ರಲ್ಲಿ. ನಾಟಕ ಆಡಿದ್ದು ಕ್ರಿ.ಪೂ. 472ರಲ್ಲಿ, ಎಂಟೇ ವರ್ಷದ ಮೇಲೆ. ಬರೆದವನು ಮ್ಯಾರಥಾನಿನಲ್ಲಿ ಅವರ ವಿರುದ್ಧ ಸ್ವತಃ ಕಾದಾಡಿದವನು. ಆದರೂ ರಂಗದ ಮೇಲೆ ಅವನು ತೋರಿಸಿದ್ದು ಗ್ರೀಕರ ಗೆಲುವಿನ ಮೆರವಣಿಗೆಯನ್ನಲ್ಲ, ಪರ್ಷಿಯಾದ ರಾಜಮಾತೆಯ ಆತಂಕವನ್ನು, ಹರಿದ ಬಟ್ಟೆಯಲ್ಲಿ ಮನೆಗೆ ಮರಳುವ ಕ್ಸರ್ಕ್ಸಿಸನನ್ನು. ನೋಡುತ್ತಿದ್ದವರ ಕಿವಿಗೆ ಅದರಲ್ಲಿ ಸ್ವಂತ ಗೆಲುವಿನ ಸವಿಯೂ ಇದ್ದಿರಬೇಕು. ಆದರೆ ಅಳುವ ಮುಖಗಳೆಲ್ಲ ಶತ್ರುಗಳದ್ದೇ. ರನ್ನ ಅಪರಾಜಿತನ ವಿಷಯದಲ್ಲಿ ಅಷ್ಟು ದೂರ ಹೋಗಲಿಲ್ಲ. ಅದಕ್ಕಾಗಿ ಅವನನ್ನು ನಾನು ಕಡಿಮೆ ಎಣಿಸುವುದಿಲ್ಲ. ಅಥೆನ್ಸಿನ ನಾಟಕಕಾರ ಒಬ್ಬ ಚಕ್ರವರ್ತಿಯ ಎದುರು ನಿಂತು ಓದಬೇಕಾಗಿರಲಿಲ್ಲ.

ಹುಡುಗನಿಗೆ ಕೊಟ್ಟ ಉತ್ತರ

ಗಣೇಶ ಚತುರ್ಥಿಗೆ ಅಕ್ಕನ ಮನೆಗೆ ಹೋದಾಗ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಖಳನಿಗೆ ಕಥೆ ಕೊಡುವುದು ಮೋಸವಲ್ಲ, ಅವನು ಮಾಡಿದ್ದನ್ನು ಮುಚ್ಚಿಟ್ಟರೆ ಮೋಸ ಎಂದೆ. ರನ್ನ ಮುಚ್ಚಿಡಲಿಲ್ಲ. ಕರ್ಣನ ಹೆಣದ ಮುಂದಿನ ಒಪ್ಪಿಗೆಯೂ ಇದೆ, ದ್ರೌಪದಿಯ ಮುಡಿಯೂ ಇದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ, "ಹಾಗಾದರೆ ಅಪರಾಜಿತನ ಪುಸ್ತಕ ಯಾರು ಬರೆದಿದ್ದಾರೆ?" ಎಂದ.

ಚಾಲುಕ್ಯರು ನಮ್ಮವರು ಎಂದು ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಆದರೆ ನಮ್ಮ ಮಕ್ಕಳು ಹುಟ್ಟಿದ್ದು, ನಮ್ಮ ಹಿರಿಯರ ಬೂದಿ ಬಿಟ್ಟದ್ದು ಈ ಉಲ್ಲಾಸ ನದಿಯ ದಂಡೆಯಲ್ಲಿ, ಆ ಸೇನೆ ಸುಟ್ಟುಹೋದ ನೆಲದಲ್ಲಿ. ಅಪರಾಜಿತನಿಗೆ ಸಿಗಬೇಕಾದ ಕಣ್ಣೀರನ್ನು ಹಾಕಲು ನಮಗಿಂತ ತಕ್ಕವರು ಯಾರಿದ್ದಾರೆ? ರನ್ನನ ಕನ್ನಡವೂ ನಮಗೆ ಓದಲು ಬರುತ್ತದೆ, ಭಾದಾಣೆಯ ದಾರಿಯೂ ಗೊತ್ತು. ನಮ್ಮ ತಲೆಯ ಮೇಲೆ ಯಾವ ತೈಲಪನೂ ಕೂತಿಲ್ಲ.

ಹುಡುಗ ಮುಂದಿನ ಭಾನುವಾರ ಲೋನಾಡ್‌ಗೆ ಬರುತ್ತೇನೆ ಎಂದಿದ್ದಾನೆ. ಕನ್ನಡ ಓದಲು ಇನ್ನೂ ಅಷ್ಟು ಬರುವುದಿಲ್ಲ. ಆ ಮುರಿದ ಗುಡಿಯ ಕಟ್ಟೆಯ ಮೇಲೆ ಕೂತು 'ಗದಾಯುದ್ಧ'ದ ಎರಡು ಜಾಗಗಳನ್ನು ಅವನಿಗೆ ಓದಿ ಹೇಳಬೇಕೆಂದಿದ್ದೇನೆ. ಮೊದಲು ಕರ್ಣನ ಹೆಣದ ಮುಂದೆ ನಿಂತ ಕೌರವ, ಆಮೇಲೆ ಕಡ್ಡಿಯ ಮೇಲಿನ ಹುಳು.